ತೂಕದ ಹೊತ್ತಿಗೆ ತೋಟದವರು ಪಕ್ಕದಲ್ಲಿ ಇಲ್ಲದಿದ್ದರೆ? ಚೇಣಿ ವ್ಯವಹಾರ ಮತ್ತು ಮನಸ್ಸಾಕ್ಷಿ

ಪ್ರಶ್ನೆ ಕೇಳಿದವರು: ಕೊನೆಕೊಯ್ಲು (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಪದವಿ ಮುಗಿದ ಮೇಲೆ ಬೆಂಗಳೂರಿಗೆ ಹೋಗದೆ ಸೋದರಮಾವನ ಜೊತೆ ಅಡಿಕೆ ಚೇಣಿಗೆ ಇಳಿದಿದ್ದೇನೆ. ಚೇಣಿ ಗೊತ್ತಿಲ್ಲದವರಿಗಾಗಿ ಎರಡು ಮಾತು: ತೋಟದವರ ಫಸಲನ್ನು ನಾವು ವಹಿಸಿಕೊಳ್ಳುತ್ತೇವೆ. ಕೊನೆಗಾರರನ್ನು (ಮರ ಹತ್ತಿ ಅಡಿಕೆ ಗೊನೆ ಇಳಿಸುವವರನ್ನು) ಕರೆತಂದು ಕೊಯ್ಯಿಸುವುದು, ಸಾಗಿಸುವುದು, ಸುಲಿಸುವುದು, ಬೇಯಿಸಿ ಒಣಗಿಸುವುದು ಎಲ್ಲವೂ ನಮ್ಮ ಹೊಣೆ. ಹಸಿ ಅಡಿಕೆಯನ್ನು ತೋಟದಲ್ಲಿಯೇ ತೂಗಿ, ಒಂದು ಕ್ವಿಂಟಾಲ್ ಹಸಿಗೆ ಇಷ್ಟು ಕಿಲೋ ಒಣ ಅಡಿಕೆ ಎಂದು ಮೊದಲೇ ಆದ ಮಾತಿನಂತೆ ಅವರಿಗೆ ಕೊಡುತ್ತೇವೆ. ಈ ಸಲ ನಾವು ಒಪ್ಪಿಕೊಂಡದ್ದು 12.5 ಕಿಲೋ. ಉಳಿದದ್ದರಲ್ಲಿ ನಮ್ಮ ಖರ್ಚು, ನಮ್ಮ ಲಾಭ.

ನಮ್ಮ ಊರಿನ ಪಕ್ಕದಲ್ಲಿ ಒಬ್ಬರು ಅಜ್ಜಿಯ ತೋಟವಿದೆ. ಅಜ್ಜ ತೀರಿಕೊಂಡಿದ್ದಾರೆ, ಮಕ್ಕಳು ಇಬ್ಬರೂ ಬೆಂಗಳೂರಿನಲ್ಲಿ. ತೋಟ ಇರುವುದು ಮನೆಯ ಕೆಳಗಿನ ಇಳಿಜಾರಿನಲ್ಲಿ, ಅಜ್ಜಿಗೆ ಮಂಡಿನೋವು, ಇಳಿದು ಬರಲಾಗುವುದಿಲ್ಲ. ‘ನಿನ್ನ ಮಾವ ಬರೆದುಕೊಂಡರೆ ಸಾಕು, ನಾನು ನೋಡಬೇಕಾದ್ದು ಏನಿದೆ’ ಎನ್ನುತ್ತಾರೆ. ತೂಕದ ಚೀಟಿ ಬರೆಯುವವನು ನಾನು.

ಒಂದೊಂದು ಚೀಲಕ್ಕೆ 50 ಕಿಲೋ ತುಂಬುತ್ತೇವೆ. ಗೋಣಿಯ ತೂಕ ಅರ್ಧ ಕಿಲೋದ ಆಸುಪಾಸು. ಮಾವ ಚೀಲಕ್ಕೆ ಕಳೆಯುವುದು 2 ಕಿಲೋ, ‘ಗೋಣಿ ಮತ್ತು ನೀರು’ ಎಂದು. ಮಳೆಯಲ್ಲಿ ಕೊಯ್ದ ದಿನ ಕಾಯಿಯ ಮೇಲೆ ನೀರು ಇರುವುದು ನಿಜ. ಆದರೆ ಬಿಸಿಲಿನಲ್ಲಿ ಕೊಯ್ದ ದಿನವೂ 2 ಕಿಲೋ ಕಳೆಯುತ್ತಾರೆ. ತೋಟದವರು ತಕ್ಕಡಿಯ ಪಕ್ಕ ನಿಂತಿರುವ ಕಡೆ ಅದೇ ಮಾವ ಅರ್ಧ ಕಿಲೋ ಮಾತ್ರ ಕಳೆಯುತ್ತಾರೆ. ನನ್ನನ್ನು ಕಾಡುತ್ತಿರುವುದು ಇದೇ.

ಲೆಕ್ಕ ಹಾಕಿ ನೋಡಿದೆ. ಅಜ್ಜಿಯ ತೋಟದಲ್ಲಿ ಎಲ್ಲ ಕೊಯ್ಲು ಸೇರಿ 60 ಕ್ವಿಂಟಾಲ್ ಹಸಿ ಎಂದಿಟ್ಟುಕೊಳ್ಳಿ, ಅಂದರೆ 120 ಚೀಲ. ಚೀಲಕ್ಕೆ ಒಂದೂವರೆ ಕಿಲೋ ಹೆಚ್ಚಾಗಿ ಕಳೆದರೆ 180 ಕಿಲೋ ಹಸಿ, ಒಣಗಿದರೆ 22.5 ಕಿಲೋ. ರಾಶಿ ಅಡಿಕೆಗೆ (ಬೇಯಿಸಿ ಒಣಗಿಸಿದ ಕೆಂಪಡಿಕೆಯ ಒಂದು ದರ್ಜೆ) ಕ್ವಿಂಟಾಲಿಗೆ 50,000 ರೂಪಾಯಿ ಹಿಡಿದರೂ 11,250 ರೂಪಾಯಿ. ಅಜ್ಜಿಯ ವರ್ಷದ ಔಷಧಿಯ ಖರ್ಚು ಅದರಲ್ಲಿ ಕಳೆಯುತ್ತದೆ.

ಮಾವ ಕೆಟ್ಟವರಲ್ಲ ಎಂದು ಹೇಳಲೇಬೇಕು. ಪ್ರತಿ ವರ್ಷ ಮಾಲೆ ಹಾಕಿ ಶಬರಿಮಲೆಗೆ ಹೋಗುತ್ತಾರೆ. ಊರಿನ ಚೌಡಿ ಬನದ ಪೂಜೆಗೆ ಅನ್ನಸಂತರ್ಪಣೆ ಅವರದೇ. ಕೊನೆಗಾರರ ಕೂಲಿಯನ್ನು ಒಂದು ದಿನವೂ ತಡ ಮಾಡುವುದಿಲ್ಲ. ನನ್ನ ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು ಅವರು. ಕೇಳಿದಾಗ ‘ಇದು ವ್ಯವಹಾರ, ಎಲ್ಲರೂ ಮಾಡುತ್ತಾರೆ, ನನ್ನ ಮನಸ್ಸಿಗೆ ತಪ್ಪು ಎನ್ನಿಸಿಲ್ಲ’ ಎಂದರು. ಅವರು ಸುಳ್ಳು ಹೇಳಲಿಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿಲ್ಲ.

ಅಜ್ಜಿಯ ತೋಟದ ಉಣಗೋಲಿನ, ಅಂದರೆ ಬೇಲಿಯ ಬಾಗಿಲಿನ ಪಕ್ಕ ಒಂದು ಫಲಕ ಇದೆ, ‘ಶ್ರೀ ದೇವಿಯ ಕಾವಲಿದೆ’ ಎಂದು. ಸಿಗಂದೂರು ಚೌಡೇಶ್ವರಿಗೆ ಹರಕೆ ಹೇಳಿಕೊಂಡವರು ಹಾಕುವ ಫಲಕ, ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಅದನ್ನು ದಾಟಿಕೊಂಡೇ ತಕ್ಕಡಿ ಒಳಗೆ ಒಯ್ಯುತ್ತೇನೆ.

ನನ್ನ ಪ್ರಶ್ನೆ: ನನ್ನ ಮನಸ್ಸು ಇದನ್ನು ಒಪ್ಪುವುದಿಲ್ಲ. ನನಗಿಂತ ಹಿರಿಯರಾದ, ನನಗಿಂತ ಹೆಚ್ಚು ಭಕ್ತಿ ಇರುವ ಮಾವನ ಮನಸ್ಸು ಒಪ್ಪಿದೆ. ಮನಸ್ಸಾಕ್ಷಿಯಂತೆ ಬದುಕು ಎಂದು ಎಲ್ಲರೂ ಹೇಳುತ್ತಾರೆ. ಇಬ್ಬರ ಮನಸ್ಸಾಕ್ಷಿ ಎರಡು ಮಾತು ಹೇಳಿದರೆ ಯಾರದು ಸರಿ?


ಉತ್ತರ: ಹಂಡೆ ಒಲೆ (ತೀರ್ಥಹಳ್ಳಿ)

ತಮ್ಮ, ನಾನೂ ಚೇಣಿ ಮಾಡುವವನು. ನಿನ್ನ ಮಾವನ ಪರವಾಗಿಯೂ ಒಂದು ಮಾತು ಇರಲಿ. 12.5 ಕಿಲೋ ಎಂದು ಒಪ್ಪಿಕೊಂಡ ಮೇಲೆ ಕಾಯಿ ಎಳೆಯದಾದರೂ ನಷ್ಟ ನಮ್ಮದೇ, ಬಲಿತು ಹಣ್ಣಾಗಿ ಗೋಟಾದರೂ ನಷ್ಟ ನಮ್ಮದೇ. ಕೊಳೆರೋಗ ಬಂದ ವರ್ಷ ಸುಲಿದು ನೋಡಿದರೆ ಅರ್ಧ ಕಾಯಿ ಟೊಳ್ಳು. ಬೇಯಿಸಿ ಅಂಗಳದಲ್ಲಿ ಹರವಿದ ದಿನವೇ ಮೋಡ ಕವಿದರೆ ಬೂಸ್ಟು ಹಿಡಿಯುತ್ತದೆ. ಆಗ ತೋಟದವರು ಬಂದು ‘ನಿಮಗೆ ನಷ್ಟವಾಯಿತು, ಅರ್ಧ ಕಿಲೋ ಕಡಿಮೆ ಕೊಡಿ’ ಎನ್ನುತ್ತಾರೆಯೇ? ಚೀಲಕ್ಕೆ ಒಂದು ಕಿಲೋ ಹೆಚ್ಚು ಕಳೆಯುವುದು ಆ ಅಪಾಯಕ್ಕೆ ನಾವು ಇಟ್ಟುಕೊಳ್ಳುವ ಮುಡಿಪು. ತೋಟದವರಿಗೂ ಇದು ಗೊತ್ತಿರುತ್ತದೆ. ಇದನ್ನು ಕಳ್ಳತನ ಎಂದು ಕರೆದು ಮನೆಯಲ್ಲಿ ಮನಸ್ತಾಪ ಮಾಡಿಕೊಳ್ಳಬೇಡ. ಓದಿಸಿದ ಮಾವನ ಋಣವೂ ಧರ್ಮವೇ.


ಉತ್ತರ: ಹಿನ್ನೀರು (ಸಾಗರ)

ತಮ್ಮ, ನಿನ್ನ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಮನಸ್ಸಾಕ್ಷಿ ದೇವರ ದನಿ ಎಂದು ನಂಬಿದವಳು ನಾನು. ಆದರೆ ಆ ದನಿ ನಮ್ಮನ್ನು ಮುಟ್ಟುವ ಮೊದಲು ಮನೆಯ ರೂಢಿ, ಹೊಟ್ಟೆಪಾಡಿನ ಚಿಂತೆ, ಊರಿನವರ ಬಾಯಿ ಎಲ್ಲವನ್ನೂ ದಾಟಿ ಬರಬೇಕು. ನಿನ್ನ ಮಾವನ ಮನಸ್ಸಾಕ್ಷಿ ಸತ್ತಿಲ್ಲ. ಕೂಲಿ ತಡ ಮಾಡಬಾರದು ಎಂದು ಅವರಿಗೆ ಹೇಳುವುದು ಅದೇ. ಎರಡು ಕಿಲೋ ಕಳೆಯುವುದು ಮಾತ್ರ ಅದಕ್ಕೆ ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ ಇಬ್ಬರ ಮನಸ್ಸಿನೊಳಗೆ ಇಳಿದು ಯಾರದು ಶುದ್ಧ ಎಂದು ಹುಡುಕಬೇಡ, ಅಲ್ಲಿ ಉತ್ತರ ಸಿಗುವುದಿಲ್ಲ. ತಕ್ಕಡಿಯ ಪಕ್ಕ ಯಾರು ನಿಂತಿದ್ದಾರೆ, ಯಾರು ನಿಂತಿಲ್ಲ ಎಂದು ನೋಡು. ನಿಂತವರಿಗೆ ಅರ್ಧ ಕಿಲೋ, ನಿಲ್ಲದವರಿಗೆ ಎರಡು ಕಿಲೋ ಎಂದು ನೀನೇ ಬರೆದಿದ್ದೀಯ. ಮಾವನ ಮನಸ್ಸು ನಿಜವಾಗಿ ಒಪ್ಪಿದ್ದರೆ ಎಲ್ಲರ ಎದುರಿಗೂ ಎರಡು ಕಿಲೋ ಕಳೆಯುತ್ತಿದ್ದರು.

ನಾನು ಹೀಗೆ ಖಂಡಿತವಾಗಿ ಹೇಳುವುದಕ್ಕೆ ಕಾರಣ ನನ್ನ ಅಜ್ಜಿ. ನಮ್ಮ ಹಿರಿಯರು ಸಾಗರ ತಾಲ್ಲೂಕಿನಲ್ಲಿ ಗೇಣಿ ಮಾಡಿಕೊಂಡಿದ್ದವರು. ಕಾಗೋಡು ನಮ್ಮ ಊರಲ್ಲ, ಆದರೆ ಅಲ್ಲಿ ನಡೆದದ್ದು ನಮ್ಮ ಮನೆಯಲ್ಲಿ ಅಕ್ಕಿ ಆರಿಸುವಾಗ, ಹಪ್ಪಳ ಒಣಗಿಸುವಾಗ ಕಿವಿಗೆ ಬೀಳುತ್ತಿದ್ದ ಕಥೆ. 1951ರ ಏಪ್ರಿಲ್‌ನಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಜೊತೆಗೆ ಬಂದರು, ಆ ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧನಕ್ಕೆ ಒಳಗಾದರು. ಈಗಿನ ಮಕ್ಕಳಿಗೆ ಕಾಗೋಡು ಎಂದರೆ ಭೂಮಿಯ ಹೋರಾಟ ಎಂದಷ್ಟೇ ಗೊತ್ತು. ಜಗಳ ಹತ್ತಿದ್ದು ಕೊಳಗದಿಂದ. ಗೇಣಿಯ ಭತ್ತ ಅಳೆಯಲು ಒಡೆಯರ ಮನೆಯಲ್ಲಿ ರೂಢಿಯ ಅಳತೆಗಿಂತ ದೊಡ್ಡ ಕೊಳಗ ಇಟ್ಟಿರುತ್ತಿದ್ದರು. ಕೊಡುವ ಕೊಳಗದ ಎಣಿಕೆ ಅಷ್ಟೇ ಇರುತ್ತಿತ್ತು, ರೈತನ ಪಣತ (ಭತ್ತದ ಕಣಜ) ಮಾತ್ರ ಬರಿದಾಗುತ್ತಿತ್ತು.

ಅಜ್ಜಿ ಒಡೆಯರನ್ನು ಎಂದೂ ಬೈದವಳಲ್ಲ. ‘ಜ್ವರ ಬಂದರೆ ಕಷಾಯ ಕಳಿಸುತ್ತಿದ್ದರು, ಮಕ್ಕಳ ಮದುವೆಗೆ ಅಕ್ಕಿ ಕೊಡುತ್ತಿದ್ದರು, ದೇವರಿಗೆ ದೀಪ ಹಚ್ಚದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಆದರೆ ಕೊಳಗ ದೊಡ್ಡದಿತ್ತು’ ಎನ್ನುತ್ತಿದ್ದಳು. ನಿನ್ನ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾದದ್ದು ಈ ಮಾತು. ಒಡೆಯರ ಭಕ್ತಿ ಸುಳ್ಳಲ್ಲ, ಕಷಾಯ ಸುಳ್ಳಲ್ಲ, ಕೊಳಗವೂ ಸುಳ್ಳಲ್ಲ. ಮೂರೂ ಒಂದೇ ಮನೆಯಲ್ಲಿ ಇದ್ದವು.

ಕಾಗೋಡಿನ ರೈತರು ಒಡೆಯರ ಹತ್ತಿರ ಹೋಗಿ ದಯೆ ಕೇಳಲಿಲ್ಲ ಎಂಬುದನ್ನು ಗಮನಿಸು. ನಿಮ್ಮ ಮನಸ್ಸು ಕರಗಲಿ ಎಂದೂ ಕೇಳಲಿಲ್ಲ. ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಕೇಳಿದರು. ದಯೆ ಕೇಳಿದ್ದರೆ ಬಹುಶಃ ಸಿಗುತ್ತಿತ್ತು, ಒಂದು ವರ್ಷ ಸಿಗುತ್ತಿತ್ತು, ಮುಂದಿನ ವರ್ಷ ಒಡೆಯರ ಮಗನ ಕಾಲಕ್ಕೆ ಸಿಗುತ್ತಿರಲಿಲ್ಲ. ಅಂಥ ಅಳತೆಗಾಗಿ ಆ ಜನ ಜೈಲಿಗೆ ಹೋದರು, ಹೆಂಗಸರೂ ಬೀದಿಗೆ ಇಳಿದರು. ಮುಂದೆ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವರಿಗೆ ಹೊಲ ಸಿಕ್ಕಿತು. ನಮ್ಮ ಅಪ್ಪನ ಹೆಸರಿಗೆ ಪಹಣಿ ಬಂದದ್ದು ಆಮೇಲೆ.

ಪಹಣಿ ಬಂದ ಮೇಲೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಕಥೆ ಅಲ್ಲಿಗೆ ಮುಗಿದಂತೆ ಎಲ್ಲರೂ ಮಾತನಾಡುತ್ತಾರೆ. ನಾನು ಮದುವೆಯಾಗಿ ಬಂದ ಮನೆಯೂ ಹಾಗೆಯೇ ಗೇಣಿಯಿಂದ ಮೇಲೆ ಬಂದದ್ದು. ಸುಗ್ಗಿಯಲ್ಲಿ ಸಂಜೆಯ ಮೇಲೆ ಹತ್ತಾರು ಹೆಂಗಸರು ಅಡಿಕೆ ಸುಲಿಯಲು ಬರುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದ ಕಾಯಿಯನ್ನು ಡಬ್ಬದಲ್ಲಿ ಅಳೆದು, ಡಬ್ಬಕ್ಕೆ ಇಷ್ಟು ಎಂದು ಕೂಲಿ. ಡಬ್ಬ ನಮ್ಮ ಮನೆಯದು. ಅಂಚಿನ ಮಟ್ಟಕ್ಕೆ ಅಳೆಯಬೇಕೋ, ಗೋಪುರವಾಗಿ ತುಂಬಬೇಕೋ ಎಂಬುದು ಅಳೆಯುವವರ ಕೈಯಲ್ಲಿ. ನಮ್ಮ ಅತ್ತೆ ಗೋಪುರವಾಗಿಯೇ ತುಂಬಿಸುತ್ತಿದ್ದರು. ಕೊಳಗದ ಕಥೆಯನ್ನು ಅವರೂ ಕೇಳಿಕೊಂಡೇ ಬೆಳೆದವರು. ಅಳೆಯುವ ಜಾಗಕ್ಕೆ ತಾವು ಬಂದು ಕುಳಿತಾಗ ಆ ಕಥೆ ಅವರಿಗೆ ನೆನಪಾಗಲಿಲ್ಲ, ಅಷ್ಟೆ. ಮನುಷ್ಯರ ಮನಸ್ಸಾಕ್ಷಿಗೆ ಇದು ಸಹಜ. ಅನ್ಯಾಯ ಅನುಭವಿಸಿದವರಿಗೆಲ್ಲ ಅದು ತಮ್ಮ ಕೈಯಿಂದ ಆಗುವಾಗ ಗೊತ್ತಾಗುತ್ತದೆ ಎಂದಿದ್ದರೆ ಈ ಲೋಕ ಎಂದೋ ಸರಿಯಾಗಿರುತ್ತಿತ್ತು.

ನಾನು ಅತ್ತೆಗೆ ಉಪದೇಶ ಮಾಡಲಿಲ್ಲ. ಮನೆಯ ಕೆಲಸ ನನ್ನ ಕೈಗೆ ಬಂದ ವರ್ಷ ಡಬ್ಬವನ್ನು ಅಟ್ಟಕ್ಕೆ ಹಾಕಿ ತೂಕದ ಯಂತ್ರ ತಂದೆ. ತೂಗುವ ಕೆಲಸವನ್ನು ಸುಲಿಯುವವರಲ್ಲೇ ಒಬ್ಬರಿಗೆ ವಹಿಸಿದೆ, ಪ್ರತಿ ದಿನವೂ ಬೇರೆಯವರಿಗೆ. ಅಂಕಿ ಎಲ್ಲರಿಗೂ ಕಾಣುವಂತೆ ಯಂತ್ರವನ್ನು ಜಗುಲಿಯ ಬೆಳಕಿನ ಕೆಳಗೆ ಇಟ್ಟೆ. ಓದಲು ಬಾರದವರಿಗೂ ಅಂಕಿ ಗೊತ್ತು, ಬಸ್ಸಿನ ಟಿಕೆಟ್ ತೆಗೆದುಕೊಳ್ಳುವವರಿಗೆ ಅಂಕಿ ಗೊತ್ತಿರದೆ ಇರುತ್ತದೆಯೇ. ಒಂದು ಸುಗ್ಗಿಯ ತನಕ ಅತ್ತೆ ಮುಖ ಗಂಟು ಹಾಕಿಕೊಂಡೇ ಇದ್ದರು. ‘ನಮ್ಮನ್ನು ನಂಬದವರು ನಮ್ಮ ಮನೆಗೆ ಏಕೆ ಬರಬೇಕು’ ಎಂದರು. ನಾನು ಹೇಳಿದ್ದು ಇಷ್ಟು: ಅವರು ನಂಬುತ್ತಾರೆ ಅತ್ತೆ, ನಂಬಿದವರನ್ನು ಪರೀಕ್ಷೆಗೆ ಒಡ್ಡಬಾರದು.

ನನ್ನ ಇಡೀ ಮಾತು ಇದೇ, ತಮ್ಮ. ನನ್ನ ಮನಸ್ಸಾಕ್ಷಿ ಎಷ್ಟೇ ಶುದ್ಧವಾಗಿರಲಿ, ಇನ್ನೊಬ್ಬರ ಅನ್ನವನ್ನು ಅದರ ಒಂದರ ಮೇಲೆಯೇ ಬಿಡುವ ಹಕ್ಕು ನನಗಿಲ್ಲ. ಅವರು ತಾವೇ ನೋಡಿ ತಿಳಿಯುವ ಹಾಗೆ ಮಾಡಿಕೊಡುವುದು ನನ್ನ ಕೆಲಸ. ಯಾರೂ ಇಲ್ಲದಾಗಲೂ ದೇವರು ನೋಡುತ್ತಾನೆ ಎಂಬ ನಂಬಿಕೆ ನನ್ನನ್ನು ಆ ಕೆಲಸಕ್ಕೆ ಹಚ್ಚಬೇಕು. ‘ದೇವರು ನೋಡುತ್ತಿದ್ದಾನೆ, ಹಾಗಾಗಿ ನೀನು ನೋಡುವುದು ಬೇಡ’ ಎಂದು ಅಜ್ಜಿಗೆ ಹೇಳುವುದಕ್ಕೆ ಆ ನಂಬಿಕೆ ಬಳಕೆಯಾಗಬಾರದು.

ತೀರ್ಥಹಳ್ಳಿಯ ಅಣ್ಣನಿಗೆ: ಅಪಾಯ ಇದೆ ಎಂಬುದು ನಿಜ, ಕೊಳೆ ಬಂದ ವರ್ಷದ ಕಷ್ಟ ನಮಗೂ ಗೊತ್ತು, ಬೋರ್ಡೋ ದ್ರಾವಣ ಹೊಡೆದು ಹೊಡೆದು ಸಾಕಾಗಿರುತ್ತದೆ. ಅಪಾಯಕ್ಕೆ ಬೆಲೆ ಕಟ್ಟಿ. 12.5 ಬೇಡ, 12 ಕಿಲೋ ಕೊಡುತ್ತೇನೆ ಎಂದು ಮಾತಿನ ಹೊತ್ತಿಗೇ ಹೇಳಿ. ತೋಟದವರು ಒಪ್ಪಬಹುದು, ಬಿಡಬಹುದು, ಬೇರೆ ಚೇಣಿಯವರನ್ನು ಕೇಳಬಹುದು. ದರದಲ್ಲಿ ಇಟ್ಟದ್ದು ಇಬ್ಬರಿಗೂ ಕಾಣುತ್ತದೆ. ಗೋಣಿಯ ತೂಕದಲ್ಲಿ ಬಚ್ಚಿಟ್ಟದ್ದು ಒಬ್ಬರಿಗೆ ಮಾತ್ರ ಕಾಣುತ್ತದೆ. ಮತ್ತೆ, ತೋಟದವರಿಗೂ ಗೊತ್ತಿರುತ್ತದೆ ಎಂದಿರಿ. ಮಂಡಿನೋವಿನಿಂದ ಮನೆಯೊಳಗೆ ಕುಳಿತ ಅಜ್ಜಿಗೆ ಗೊತ್ತಿಲ್ಲ.

ಫಲಕದ ವಿಷಯ. ಸಿಗಂದೂರಿನ ತಾಯಿಯ ಮೇಲೆ ನನಗೂ ಭಕ್ತಿ ಇದೆ, ಸೇತುವೆ ಆಗುವ ಮೊದಲು ಲಾಂಚ್‌ನಲ್ಲಿ ಹಿನ್ನೀರು ದಾಟಿ ಹೋಗಿ ಬಂದವರು ನಾವು. ಆ ಫಲಕ ನೋಡಿ ರಾತ್ರಿ ಅಡಿಕೆ ಕೊನೆ ಕದಿಯಲು ಬಂದವನು ಹಿಂದಕ್ಕೆ ಹೋಗುತ್ತಾನೆ, ಇದು ಮಲೆನಾಡಿನಲ್ಲಿ ಇವತ್ತಿಗೂ ನಿಜ. ಹಗಲು ಹೊತ್ತಿನಲ್ಲಿ ಕರೆಸಿಕೊಂಡು ಬಂದವನಿಗೂ ಅದೇ ಕಾವಲು ಎಂದು ನಿನಗೆ ಅನ್ನಿಸಿದೆಯಲ್ಲ, ಆ ಅನ್ನಿಸಿಕೆಯನ್ನು ಸಣ್ಣದು ಮಾಡಿಕೊಳ್ಳಬೇಡ.


ಉತ್ತರ: ಬಜಾರಿನ ತಕ್ಕಡಿ (ಶಿವಮೊಗ್ಗ)

ಹಿನ್ನೀರಿನ ಅಕ್ಕ ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಗಾಂಧಿ ಬಜಾರಿನ ಹತ್ತಿರ ನಮ್ಮ ತಂದೆಯ ಕಾಲದಿಂದ ದಿನಸಿ ಅಂಗಡಿ ಇದೆ. ಅಂಗಡಿಯಲ್ಲಿ ಕೂರಿಸುವ ಮೊದಲು ತಂದೆ ನನಗೆ ಕಲಿಸಿದ್ದು ಕುರ್‌ಆನಿನ 83ನೆಯ ಅಧ್ಯಾಯ. ಜನರಿಂದ ಅಳೆದು ತೆಗೆದುಕೊಳ್ಳುವಾಗ ಪೂರ್ತಿ ತೆಗೆದುಕೊಂಡು, ಅವರಿಗೆ ಅಳೆದು ಕೊಡುವಾಗ ಕಡಿಮೆ ಮಾಡುವವರ ಕೇಡಿನ ಮಾತಿನಿಂದಲೇ ಅದು ಆರಂಭವಾಗುತ್ತದೆ. ಶುಐಬ್ ಎಂಬ ಪ್ರವಾದಿಯನ್ನು ಮದ್ಯನ್ ಜನರ ಬಳಿಗೆ ಕಳಿಸಿದಾಗಲೂ, ಒಬ್ಬನೇ ದೇವರನ್ನು ಆರಾಧಿಸಿ ಎಂಬ ಮಾತಿನ ಬೆನ್ನಿಗೇ ಬಂದದ್ದು ಅಳತೆ ಮತ್ತು ತೂಕವನ್ನು ಪೂರ್ತಿ ಕೊಡಿ ಎಂಬ ಮಾತು. ನಮಾಜು ಒಂದು ಕಡೆ, ತಕ್ಕಡಿ ಇನ್ನೊಂದು ಕಡೆ ಎಂದು ನಾವು ಬೇರೆ ಮಾಡಿಕೊಂಡಿದ್ದೇವೆ, ಅಲ್ಲಿ ಬೇರೆ ಮಾಡಿಲ್ಲ.

ನಿಮ್ಮ ಒದ್ದೆ ಅಡಿಕೆಗೆ ತೀರಾ ಹತ್ತಿರವಾದ ಒಂದು ಪ್ರಸಂಗ ಹದೀಸಿನಲ್ಲಿ (ಪ್ರವಾದಿ ಮುಹಮ್ಮದರ ನಡೆನುಡಿಯ ವರದಿಗಳಲ್ಲಿ) ಇದೆ. ಪ್ರವಾದಿ ಮುಹಮ್ಮದರು ಪೇಟೆಯಲ್ಲಿ ಹೋಗುವಾಗ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿತ್ತು, ಒಳಗೆ ಬೆರಳಿಗೆ ತೇವ ತಾಗಿತು. ಇದೇನು ಎಂದು ಕೇಳಿದರು. ಮಳೆ ಬಿತ್ತು ಎಂದ ವ್ಯಾಪಾರಿ. ಹಾಗಾದರೆ ಜನ ನೋಡುವಂತೆ ಒದ್ದೆಯನ್ನು ಮೇಲೆಯೇ ಏಕೆ ಇಡಲಿಲ್ಲ, ಮೋಸ ಮಾಡುವವನು ನನ್ನವನಲ್ಲ ಎಂದರು. ಮಳೆ ಬೀಳಿಸಿದ್ದಕ್ಕೆ ವ್ಯಾಪಾರಿಯನ್ನು ಯಾರೂ ದೂರಲಿಲ್ಲ. ಒದ್ದೆ ಧಾನ್ಯ ಮಾರಬೇಡ ಎಂದೂ ಹೇಳಲಿಲ್ಲ. ಕಾಣುವಂತೆ ಇಡು ಎಂದರು. ಅಕ್ಕ ಜಗುಲಿಯ ಬೆಳಕಿನ ಕೆಳಗೆ ಯಂತ್ರ ಇಟ್ಟದ್ದೂ ಅದೇ ಅಲ್ಲವೇ.

ಇನ್ನೊಂದು ವಿಷಯವನ್ನು ಮಾವನವರ ಅನ್ನಸಂತರ್ಪಣೆಯ ಬಗ್ಗೆ ಓದಿದಾಗ ಹೇಳಬೇಕು ಅನ್ನಿಸಿತು, ತಪ್ಪು ತಿಳಿಯಬೇಡಿ. ನಮ್ಮಲ್ಲಿ ಹಕ್ಕುಗಳನ್ನು ಎರಡಾಗಿ ನೋಡುತ್ತಾರೆ: ದೇವರಿಗೆ ಸಲ್ಲಬೇಕಾದದ್ದು, ಮನುಷ್ಯರಿಗೆ ಸಲ್ಲಬೇಕಾದದ್ದು. ನಮಾಜು ತಪ್ಪಿದರೆ, ಉಪವಾಸ ತಪ್ಪಿದರೆ ಪಶ್ಚಾತ್ತಾಪ ಪಟ್ಟು ದೇವರಲ್ಲಿ ಕ್ಷಮೆ ಕೇಳಬಹುದು, ಅವನು ಕ್ಷಮಾಶೀಲ. ಒಬ್ಬ ಮನುಷ್ಯನಿಂದ ತೆಗೆದುಕೊಂಡದ್ದಕ್ಕೆ ಮಾತ್ರ ಹಾಗಾಗದು. ಅದನ್ನು ಅವನಿಗೇ ಹಿಂದಿರುಗಿಸಬೇಕು, ಇಲ್ಲವೇ ಅವನೇ ಮನಸಾರೆ ಬಿಟ್ಟುಕೊಡಬೇಕು. ಮಸೀದಿಗೆ ಕೊಟ್ಟರೆ, ಸಾವಿರ ಜನರಿಗೆ ಊಟ ಹಾಕಿದರೆ ಆ ಒಬ್ಬನ ಬಾಕಿ ತೀರುವುದಿಲ್ಲ. ಅಜ್ಜಿಯ 22.5 ಕಿಲೋ ಅಜ್ಜಿಗೇ ಸೇರಬೇಕು.

ಹಂಡೆ ಒಲೆಯವರು ಹೇಳಿದ ಋಣದ ಮಾತು ದೊಡ್ಡದೇ. ಓದಿಸಿದವರನ್ನು ತಪ್ಪಿನಲ್ಲಿ ಬಿಟ್ಟು ಸುಮ್ಮನಿರುವುದು ಆ ಋಣ ತೀರಿಸುವ ರೀತಿ ಎಂದು ನನಗೆ ಅನ್ನಿಸುವುದಿಲ್ಲ.


ಉತ್ತರ: ಹಂಡೆ ಒಲೆ (ತೀರ್ಥಹಳ್ಳಿ)

ದರದಲ್ಲಿ ಇಡಿ ಎಂಬ ಅಕ್ಕನ ಮಾತನ್ನು ಒಪ್ಪುತ್ತೇನೆ. ಆದರೆ ನಾನೊಬ್ಬ 12 ಎಂದು ಹೇಳಿ ಪಕ್ಕದ ಊರಿನವನು 12.5 ಎಂದು ಹೇಳಿ ಗೋಣಿಯಲ್ಲಿ ಕಳೆದುಕೊಂಡರೆ ತೋಟವೆಲ್ಲ ಅವನಿಗೆ ಹೋಗುತ್ತದೆ. ನೇರವಾಗಿ ಇದ್ದವನು ಮನೆಯಲ್ಲಿ ಕೂರಬೇಕಾಗುತ್ತದೆ. ಇದಕ್ಕೂ ಯಾರಾದರೂ ಉತ್ತರ ಹೇಳಿ.


ಉತ್ತರ: ಕೊನೆಕೊಯ್ಲು (ಹೊಸನಗರ ತಾಲ್ಲೂಕು)

ಎಲ್ಲರಿಗೂ ಕೃತಜ್ಞತೆ. ಹಿನ್ನೀರಿನ ಅಮ್ಮ, ನಿಮ್ಮ ಅಜ್ಜಿಯ ಮಾತನ್ನು ನನ್ನ ತಾಯಿಗೆ ಓದಿ ಹೇಳಿದೆ. ಅವರು ತಮ್ಮನ ಪರ ವಹಿಸಿಕೊಂಡು ಮಾತನಾಡುತ್ತಾರೆ ಎಂದುಕೊಂಡಿದ್ದೆ. ‘ಮಾವನಿಗೆ ಹೇಳು, ಆದರೆ ತಲೆ ತಗ್ಗಿಸುವ ಹಾಗೆ ಮಾಡಬೇಡ’ ಎಂದರು.

ನನಗೆ ಉಳಿದಿರುವುದು ಎರಡು. ಮಾವನ ಮುಂದೆ ಬಾಯಿ ತೆರೆದರೆ ‘ನನ್ನನ್ನು ಕಳ್ಳ ಎನ್ನುತ್ತೀಯಾ’ ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ, ಹೇಗೆ ಆರಂಭಿಸಲಿ? ಎರಡನೆಯದು, ಹೋದ ವರ್ಷಗಳದ್ದು ಏನು? ಬಜಾರಿನ ಅಣ್ಣ ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತಿದೆ. ಈ ವರ್ಷದ ಮೊದಲ ಕೊಯ್ಲು ಮುಗಿದಿದೆ. ಎರಡನೆಯ ಕೊಯ್ಲಿಗೆ ಕೊನೆಗಾರರು ಬರುವುದು ಇನ್ನೂ ಬಾಕಿ.


ಉತ್ತರ: ಹಿನ್ನೀರು (ಸಾಗರ)

ನಿನ್ನ ತಾಯಿ ನನಗಿಂತ ಚೆನ್ನಾಗಿ ಹೇಳಿದ್ದಾರೆ.

ಮೊದಲು ತೀರ್ಥಹಳ್ಳಿಯ ಅಣ್ಣನ ಪ್ರಶ್ನೆ. ನೇರವಾಗಿ ಇದ್ದವನಿಗೆ ತೋಟ ತಪ್ಪಬಹುದು, ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಕಡೆ ತಪ್ಪುತ್ತದೆ. ಆದರೆ 12.5ರ ಆಸೆಗೆ ಹೋದವರಿಗೆ ಕೊನೆಯಲ್ಲಿ ಕೈಗೆ ಬಂದದ್ದು ಎಷ್ಟು ಎಂದು ಚೀಟಿ ನೋಡಿ ಹೋಲಿಸಲು ಬಂದರೆ ಲೆಕ್ಕ ಅವರಿಗೂ ತಿಳಿಯುತ್ತದೆ. 60 ಕ್ವಿಂಟಾಲಿಗೆ 12.5ರಂತೆ 750 ಕಿಲೋ. ಚೀಲಕ್ಕೆ ಒಂದೂವರೆ ಕಿಲೋ ಹೆಚ್ಚಾಗಿ ಕಳೆದರೆ ಕೈಗೆ ಬರುವುದು 727.5 ಕಿಲೋ, ಅಂದರೆ ಕ್ವಿಂಟಾಲಿಗೆ 12.1ರ ಆಸುಪಾಸು. ನಿಮ್ಮ 12ಕ್ಕೂ ಅದಕ್ಕೂ ಇರುವ ಅಂತರ ತೀರಾ ಸಣ್ಣದು. ಇದನ್ನು ಕಾಗದದ ಮೇಲೆ ಬರೆದು ತೋಟದವರ ಜಗುಲಿಯಲ್ಲಿ ಕುಳಿತು ತೋರಿಸಿ. ನಾಲ್ಕು ಮನೆಯವರು ಕೇಳಲು ಕಲಿತರೆ ಪಕ್ಕದ ಊರಿನವನೂ ಗೋಣಿ ತೂಗಲೇಬೇಕು. ಒಬ್ಬರಿಂದ ಆಗುವ ಕೆಲಸ ಇದಲ್ಲ, ಅದು ಗೊತ್ತಿದ್ದೇ ಕಾಗೋಡಿನವರು ಸಂಘ ಕಟ್ಟಿದ್ದು.

ಈಗ ನಿನ್ನದು, ತಮ್ಮ. ಮಾವನಿಗೆ ‘ನೀವು ಮಾಡಿದ್ದು ತಪ್ಪು’ ಎಂದು ಆರಂಭಿಸಬೇಡ. ‘ಚೀಟಿ ಬರೆಯುವವನು ನಾನು, ನನ್ನ ಕೈಯಿಂದ ಆಗುತ್ತಿಲ್ಲ’ ಎಂದು ಆರಂಭಿಸು. ಅದು ನಿಜವೂ ಹೌದು, ನಿನ್ನ ಹೊಣೆಯೂ ಹೌದು. ಹಂಡೆಯ ಸುತ್ತ ಆಳುಗಳು ಇದ್ದಾಗ ಬೇಡ, ಅತ್ತೆಯ ಎದುರಿಗೂ ಬೇಡ. ಅಡಿಕೆ ಹೇರಿಕೊಂಡು ಶಿವಮೊಗ್ಗದ ಮಂಡಿಗೆ ಹೋಗುವಾಗ ಗಾಡಿಯಲ್ಲಿ ಇಬ್ಬರೇ ಇರುತ್ತೀರಿ. ಆ ದಾರಿಯಲ್ಲಿ ನಿಧಾನವಾಗಿ ಮಾತನಾಡಲು ಹೊತ್ತು ಸಿಗುತ್ತದೆ, ಮುಖ ನೋಡಿಕೊಂಡು ಮಾತನಾಡಬೇಕಾದ ಕಷ್ಟವೂ ಇಲ್ಲ.

ಬರೀ ಬೇಡ ಎಂದರೆ ಸಾಲದು, ಬದಲಿಗೆ ಏನು ಎಂದು ಹೇಳಬೇಕು. ಗೋಣಿಗೆ ನಿಜವಾದ ತೂಕ: ಅಡಿಕೆ ಸುರಿದ ಮೇಲೆ ಅದೇ ಒದ್ದೆ ಗೋಣಿಗಳಲ್ಲಿ ಹತ್ತನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸು. ನೀರಿಗೆ ನಿಜವಾದ ತೂಕ: ಮಳೆಯ ದಿನ ಒಂದು ಬುಟ್ಟಿ ಕಾಯಿಯನ್ನು ತೂಗಿ, ಗೋಣಿಯ ಮೇಲೆ ಹರವಿ ನೀರು ಇಳಿದ ಮೇಲೆ ಮತ್ತೆ ತೂಗು. ಎಷ್ಟು ಇಳಿಯಿತೋ ಅದೇ ಪ್ರಮಾಣದಲ್ಲಿ ಆ ದಿನದ ಎಲ್ಲ ಚೀಲಕ್ಕೂ ಕಳೆ. ಒಮ್ಮೊಮ್ಮೆ ಅದು ಮಾವ ಕಳೆಯುವುದಕ್ಕಿಂತ ಹೆಚ್ಚೂ ಬರಬಹುದು, ಬಂದರೆ ಅಷ್ಟನ್ನೂ ಕಳೆ, ಅದು ನಿಮ್ಮ ಹಕ್ಕು. ಚೀಟಿ ಎರಡು ಪ್ರತಿ ಬರೆ. ಒಟ್ಟು ತೂಕ, ಗೋಣಿ, ನೀರು, ಉಳಿದದ್ದು ಎಂದು ನಾಲ್ಕೂ ಬೇರೆ ಬೇರೆ ಸಾಲಿನಲ್ಲಿ ಇರಲಿ. ಒಂದನ್ನು ಅಜ್ಜಿಯ ಕೈಗೆ ಕೊಡು. ತಕ್ಕಡಿಯ ಅಂಕಿಯ ಫೋಟೋ ತೆಗೆದು ಬೆಂಗಳೂರಿನಲ್ಲಿರುವ ಮಕ್ಕಳ ಮೊಬೈಲಿಗೆ ಆಯಾ ದಿನವೇ ಕಳಿಸು. ಅಜ್ಜಿ ಬೇಡ ಎನ್ನುತ್ತಾರೆ. ಆದರೂ ಕಳಿಸು.

ಮಾವ ಒಪ್ಪದಿದ್ದರೆ? ಮನೆ ಬಿಡಬೇಡ, ಊರಿನಲ್ಲಿ ಹೇಳಿಕೊಂಡು ಬರಬೇಡ. ಆದರೆ ಪೆನ್ನು ನಿನ್ನ ಕೈಯಲ್ಲಿದೆ. ತೂಗಿದ್ದನ್ನು ಬಿಟ್ಟು ಬೇರೆ ಅಂಕಿ ನಾನು ಬರೆಯುವುದಿಲ್ಲ ಎಂದು ಹೇಳಿ ಪುಸ್ತಕವನ್ನು ಮಾವನಿಗೇ ಕೊಟ್ಟುಬಿಡು. ಭಕ್ತಿ ಇರುವ ಮನುಷ್ಯ, ಅಕ್ಕನ ಮಗನ ಎದುರು ತಾವೇ ಕುಳಿತು ಆ ಅಂಕಿ ಬರೆಯುವುದು ಅವರಿಗೂ ಸುಲಭವಾಗುವುದಿಲ್ಲ ಎಂದು ನನ್ನ ನಂಬಿಕೆ. ಬರೆದರೂ ಬರೆಯಬಹುದು. ಆಗ ಆ ತೋಟದ ತೂಕಕ್ಕೆ ನೀನು ಹೋಗಬೇಡ, ಏಕೆ ಹೋಗುವುದಿಲ್ಲ ಎಂದು ಅಜ್ಜಿ ಕೇಳಿದರೆ ಸುಳ್ಳು ಹೇಳಬೇಡ.

ಹೋದ ವರ್ಷಗಳ ಬಗ್ಗೆ ಬಜಾರಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಮಾವನ ಲೆಕ್ಕದ ಪುಸ್ತಕದಲ್ಲಿ ಚೀಲದ ಸಂಖ್ಯೆ ಇದ್ದೇ ಇರುತ್ತದೆ, ಎಲ್ಲ ಚೇಣಿಯವರೂ ಅದನ್ನು ಬರೆಯುತ್ತಾರೆ. ಚೀಲಕ್ಕೆ ಒಂದೂವರೆ ಕಿಲೋದಂತೆ ಗುಣಿಸು, ಆಯಾ ವರ್ಷದ ಮಾತಿನಂತೆ ಒಣ ಅಡಿಕೆಗೆ ಇಳಿಸು. ಮಳೆಯ ದಿನಗಳ ನೀರು ಎಷ್ಟಿತ್ತು ಎಂದು ಈಗ ತಿಳಿಯುವುದಿಲ್ಲ, ಆ ಅನುಮಾನದ ಲಾಭ ಅಜ್ಜಿಗೆ ಇರಲಿ. ಹಣವಾಗಿ ಬೇಡ, ಅಡಿಕೆಯಾಗಿಯೇ ಕೊಡಿ, ಯಾವ ದರ ಹಿಡಿಯಬೇಕು ಎಂಬ ಚರ್ಚೆ ಬರುವುದಿಲ್ಲ. ಒಂದೇ ಸಲ ಆಗದಿದ್ದರೆ ಎರಡು ಮೂರು ಸುಗ್ಗಿಯಲ್ಲಿ ಕೊಡಿ. ಇದು ಮಾವನ ಕೈಯಿಂದಲೇ ಹೋಗಬೇಕು, ನಿನ್ನ ಕೈಯಿಂದಲ್ಲ. ‘ಹಿಂದಿನ ತೂಕದಲ್ಲಿ ಗೋಣಿಗೆ ಹೆಚ್ಚು ಕಳೆದಿತ್ತು, ಇದು ನಿಮ್ಮದು’ ಎಂದರೆ ಸಾಕು, ಅದಕ್ಕಿಂತ ಹೆಚ್ಚು ಅವರನ್ನು ಹೇಳಿಸಬೇಡ. ಅಜ್ಜಿ ಇರಲಿ ಬಿಡು ಎಂದು ಬಿಟ್ಟುಕೊಟ್ಟರೆ ಅದು ಅವರ ದೊಡ್ಡತನ, ಆದರೆ ಕಿಲೋ ಎಷ್ಟು ಎಂದು ಕೇಳಿಸಿಕೊಂಡ ಮೇಲೆ ಬಿಟ್ಟುಕೊಡಬೇಕು.

ಎರಡನೆಯ ಕೊಯ್ಲಿಗೆ ಮೊದಲು ಇನ್ನೊಂದು ಕೆಲಸ. ನಿಮ್ಮ ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ನೋಡು. ಅದನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿಸಬೇಕು. ಅವಧಿ ಮುಗಿದಿದ್ದರೆ ಮಾವನನ್ನೇ ಜೊತೆಗೆ ಕರೆದುಕೊಂಡು ಹೋಗು. ಮಾತು ಆರಂಭಿಸಲು ಅದೂ ಒಂದು ದಾರಿ.